ಬಂದು ಹೋಗುವ ಸದ್ದು

ಹೊಸ ಸಾಫ್ಟ್‌ವೇರ್ ಹಾಕಲು ಹೋದಾಗ ಕಳ್ಳತನ ಬಯಲಾಯಿತು. ಮಾಲೂರಿನ ಆ ಟೈಪಿಂಗ್ ಸೆಂಟರಿನಲ್ಲಿ ಐದು ಕಂಪ್ಯೂಟರುಗಳು ಮೆಮೊರಿ ಸಾಲದು ಎಂದವು. ಕೊಂಡಾಗ ಇದ್ದದ್ದರಲ್ಲಿ ಅರ್ಧ ಮಾತ್ರ ಉಳಿದಿದೆ ಎಂದು ಪರದೆ ತೋರಿಸಿತು. ಒಂದೊಂದರಲ್ಲೂ ಎರಡು ರ‍್ಯಾಮ್ ಇರಬೇಕಿತ್ತು. ಆ ಮೆಮೊರಿ ಪಟ್ಟಿಗಳಲ್ಲಿ ಒಂದೊಂದನ್ನು ಯಾರೋ ಎಗರಿಸಿದ್ದರು. ಮಾಲೀಕ ಕೋದಂಡರಾಮಪ್ಪ ಪೆಟ್ಟಿಗೆಗಳನ್ನು ಮುಟ್ಟಲು ಯಾರನ್ನೂ ಬಿಡದೆ ಠಾಣೆಗೆ ಫೋನ್ ಮಾಡಿದರು.

ಎಎಸ್‌ಐ ಚನ್ನರಾಯಪ್ಪ ಬಂದದ್ದು ಮರುದಿನ ಮಧ್ಯಾಹ್ನ. ಬೆಳಗಿನಿಂದ ಬಂದೋಬಸ್ತಿನಲ್ಲಿ ನಿಂತು ಸುಸ್ತಾಗಿದ್ದರು. ಕೂರಿ ಎನ್ನುವ ಮೊದಲೇ ಕುರ್ಚಿ ಎಳೆದುಕೊಂಡು ಕೂತರು.

“ಯಾರ ಮೇಲೆ ಅನುಮಾನ?”

“ಅನುಮಾನ ಏನ್ ಬಂತು ಸಾರ್,” ಎಂದರು ಕೋದಂಡರಾಮಪ್ಪ. “ ಇವಳೇ, ಮೌನಿಕಾ. ದಿನಾ ಬಾಗಿಲು ತೆಗೆಯೋದು ಇವಳು. ಯಾವಾಗ ನೋಡಿದ್ರೂ ಕಂಪ್ಯೂಟರ್ ಎಳ್ಕೊಂಡು ಬಗ್ಗಿರ್ತಾಳೆ. ಕೇಳಿದ್ರೆ ಹೆಡ್‌ಫೋನ್ ಸೌಂಡ್ ಬರಲ್ಲ ಅಂತಾಳೆ.”

ಮೌನಿಕಾ ಗೋಡೆ ಪಕ್ಕ ನಿಂತಿದ್ದಳು. ಹತ್ತಿರದ ಟೇಕಲ್ ಊರಿನ ಹುಡುಗಿ. ಕಾನ್‌ಸ್ಟೆಬಲ್ ಕೆಲಸಕ್ಕೆ ಆಯ್ಕೆಯಾಗಿದ್ದಳು. ಪೊಲೀಸರು ಊರಿಗೆ ಬಂದು ನಡತೆ ವಿಚಾರಿಸುವುದು ಮಾತ್ರ ಬಾಕಿ. ಈ ಕೇಸಿನಲ್ಲಿ ಹೆಸರು ಬಂದರೆ ಆ ಕೆಲಸ ಮುಗಿದ ಮಾತು.

“ಸೌಂಡ್ ಏನಾಗುತ್ತಮ್ಮ?”

“ಬರುತ್ತೆ, ಹೋಗುತ್ತೆ ಸಾರ್. ರೈತರು ಫೋನಲ್ಲಿ ಹೇಳಿದ್ದನ್ನ ಕೇಳಿ ಟೈಪ್ ಮಾಡೋ ಕೆಲಸ. ಅರ್ಧ ಕನ್ನಡ, ಅರ್ಧ ತೆಲುಗು. ಗಿಡಕ್ಕೆ ಏನಾಗಿದೆ ಅನ್ನೋ ಹೊತ್ತಿಗೆ ನಿಂತೋಗುತ್ತೆ.”

“ಯಾವಾಗಿಂದ?”

“ಆಯುಧಪೂಜೆ ಮಾರನೇ ದಿನದಿಂದ. ಬಿಚ್ಚಿ ನೋಡಣ್ಣ ಅಂತ ಕದಿರೇಶಣ್ಣನಿಗೆ ಹೇಳ್ತಾನೇ ಇದೀನಿ.”

ಕದಿರೇಶ್ ಕಂಪ್ಯೂಟರ್ ಸರ್ವೀಸ್ ಮಾಡುವವನು. ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದ. “ಮೂರು ಸಲ ಹೆಡ್‌ಫೋನ್ ಬದಲಾಯಿಸಿ ಕೊಟ್ಟೆ ಸಾರ್. ಈಯಮ್ಮನ ಕೈಗೆ ಏನ್ ಕೊಟ್ರೂ ಉಳಿಯಲ್ಲ.”

*

ಚನ್ನರಾಯಪ್ಪ ತಮ್ಮ ಮೊಬೈಲಿನ ಇಯರ್‌ಫೋನನ್ನೇ ಮೌನಿಕಾಳ ಕಂಪ್ಯೂಟರಿನ ಮುಂದಿನ ತೂತಿಗೆ ಚುಚ್ಚಿದರು. ದನಿ ಬಂತು, ಹೋಯಿತು. ಪೆಟ್ಟಿಗೆ ಅಲುಗಿಸಿದರೆ ಮತ್ತೆ ಬಂತು. ಅದನ್ನೇ ಕಿತ್ತು ಹಿಂದಿನ ಹಸಿರು ತೂತಿಗೆ ಹಾಕಿದರು. ಬೈರಕೂರಿನ ಯಾರೋ ಟೊಮೇಟೊ ಎಲೆ ಮುದುಡುತ್ತಿದೆ ಎಂದು ಗೋಳು ತೋಡಿಕೊಳ್ಳುತ್ತಿದ್ದ. ಒಂದು ಮಾತೂ ತಪ್ಪದೆ ಕೇಳಿಸಿತು.

“ಹೆಡ್‌ಫೋನಿಗೆ ಏನೂ ಆಗಿಲ್ಲ. ಮುಂದಿನ ತೂತಿಂದ ಒಳಗೆ ಹೋಗೋ ವೈರ್ ಸಡಿಲ ಆಗಿದೆ. ಬಿಚ್ಚಪ್ಪ ಕದಿರೇಶ.”

“ವಾರಂಟಿ ಹೋಗುತ್ತೆ ಸಾರ್.”

“ಕಳ್ಳತನಕ್ಕೆ ವಾರಂಟಿ ಇಲ್ಲ. ಬಿಚ್ಚು.”

ಅವನು ಸ್ಕ್ರೂಡ್ರೈವರ್ ಇಟ್ಟಾಗ ಚನ್ನರಾಯಪ್ಪ ಅವನ ಕೈ ತಡೆದರು. ಪೆಟ್ಟಿಗೆಯ ಪಕ್ಕದ ತಗಡನ್ನು ನೋಡಿದರು. ಉಳಿದ ಪೆಟ್ಟಿಗೆಗಳನ್ನೂ ಒಂದೊಂದಾಗಿ ನೋಡಿಕೊಂಡು ಬಂದರು. ಮಾಲೀಕರ ಹೆಂಡತಿ ಶ್ಯಾಮಲಮ್ಮನನ್ನು ಮಹಡಿಯಿಂದ ಕರೆಸಿದರು.

“ಇವಕ್ಕೆ ಪೂಜೆ ಮಾಡಿದ್ದು ಯಾರಮ್ಮ?”

“ನಾನೇ. ಎಲ್ಲಕ್ಕೂ ಗಂಧ, ಕುಂಕುಮ ಇಟ್ಟೆ.” ಆಕೆ ಬಗ್ಗಿ ನೋಡಿದರು. “ಇದೇನು, ವಿಭೂತಿ ಪಟ್ಟೆ? ನಮ್ಮನೇಲಿ ವಿಭೂತೀನೇ ಇಲ್ವಲ್ಲ.”

ಮೆಮೊರಿ ಕಡಿಮೆ ತೋರಿಸಿದ ಐದಕ್ಕೂ ವಿಭೂತಿ ಇತ್ತು. ಮಿಕ್ಕವಕ್ಕೆ ಒಣಗಿದ ಗಂಧ, ಕುಂಕುಮ.

*

ತಗಡು ತೆಗೆದರೆ ಒಳಗೆ ಒಂದೇ ರ‍್ಯಾಮ್. ಮುಂದಿನ ಜ್ಯಾಕಿನ ವೈರು ಅರ್ಧ ಕಿತ್ತು ನಿಂತಿತ್ತು.

“ರ‍್ಯಾಮ್ ತೆಗೆಯುವಾಗ ಅಡ್ಡ ಬಂತು ಅಂತ ಇದನ್ನ ಎಳೆದಿದಾರೆ,” ಎಂದರು ಚನ್ನರಾಯಪ್ಪ. “ಸೌಂಡ್ ಕೆಟ್ಟ ದಿನವೇ ಕಳ್ಳತನದ ದಿನ. ಪೂಜೆ ಮಾರನೇ ದಿನ ಬಾಗಿಲು ತೆಗೆದದ್ದು ಯಾರು?”

ಕೋದಂಡರಾಮಪ್ಪ ತಡೆದು ಹೇಳಿದರು. “ಅವತ್ತು ಕದಿರೇಶ. ಯುಪಿಎಸ್ ನೋಡ್ತೀನಿ ಅಂತ ಕೀ ಇಸ್ಕೊಂಡಿದ್ದ.”

ಚನ್ನರಾಯಪ್ಪ ಕದಿರೇಶನನ್ನು ನೋಡಿದರು. “ಕದ್ದಿದ್ರೆ ಈ ಹುಡುಗಿ ಬಿಚ್ಚಿ ನೋಡು ಅಂತ ದಿನಾ ಗೋಗರೀತಿದ್ಲಾ? ಎರಡನೇ ಹೆಡ್‌ಫೋನೂ ಹಾಗೇ ಆದಾಗ ಯಾವ ಮೆಕ್ಯಾನಿಕ್ಕಾದ್ರೂ ಪೆಟ್ಟಿಗೆ ಬಿಚ್ತಾನೆ. ಹಿಂದಿನ ತೂತಿಗಾದ್ರೂ ಹಾಕಿ ನೋಡ್ತಾನೆ. ನೀನು ಮೂರನೇದು ತಂದುಕೊಟ್ಟೆ. ಬಿಚ್ಚಿದ್ರೆ ಒಂದು ಕಮ್ಮಿ ಇರೋದು ಕಾಣುತ್ತೆ ಅಂತ ನಿನಗೆ ಗೊತ್ತಿತ್ತು. ವಿಭೂತಿ ಊರಲ್ಲಿ ಎಷ್ಟೋ ಜನ ಹಚ್ಕೋತಾರೆ, ಅದೊಂದರ ಮೇಲೆ ನಾನು ಹೇಳ್ತಿಲ್ಲ. ಆದ್ರೂ ಅದನ್ನ ಯಾಕಪ್ಪ ಬಳಿದೆ?”

ಕದಿರೇಶ್ ಹಣೆ ಒರೆಸಿಕೊಂಡ.

“ತಗಡು ಜಾರಿಸುವಾಗ ಕುಂಕುಮ ಅಳಿಸೋಯ್ತು ಸಾರ್. ಪೂಜೆ ಆಗಿರೋದನ್ನ ಬರೀ ಹಣೇಲಿ ಬಿಡೋಕಾಗುತ್ತಾ? ಜೇಬಲ್ಲಿ ವಿಭೂತಿ ಇತ್ತು.”

“ರ‍್ಯಾಮ್ ಎಲ್ಲಿ?”

“ಶ್ರೀನಿವಾಸಪುರದ ಗಿರಾಕಿಗಳ ಕಂಪ್ಯೂಟರಿಗೆ ಹಾಕ್ಬಿಟ್ಟೆ.”

*

ಪೇದೆ ಬಂದು ಕದಿರೇಶನನ್ನು ಕರೆದುಕೊಂಡು ಹೋದ.

“ನಾಳೆಯಿಂದ ಕೆಲಸಕ್ಕೆ ಬಾಮ್ಮ,” ಎಂದರು ಕೋದಂಡರಾಮಪ್ಪ, ಎಲ್ಲೋ ನೋಡುತ್ತಾ.

ಮೌನಿಕಾ ಚನ್ನರಾಯಪ್ಪನ ಕಡೆ ತಿರುಗಿದಳು.

“ನಿನ್ನೆ ಇವರು ಟೇಕಲ್‌ಗೆ ಬಂದಿದ್ರು ಸಾರ್. ರೈಲ್ವೆ ಸ್ಟೇಷನ್ ಹತ್ರ ಟೀ ಅಂಗಡೀಲಿ ಅಪ್ಪನ್ನ ನಿಲ್ಲಿಸ್ಕೊಂಡು ನಿನ್ನ ಮಗಳು ಕಳ್ಳಿ ಅಂದ್ರು. ನಾಳೆ ನನ್ನ ನಡತೆ ವಿಚಾರಿಸೋಕೆ ಬರೋರು ನಮ್ಮಪ್ಪನ್ನ ಕೇಳಲ್ಲ. ಅಲ್ಲಿ ಕೂತಿರೋರನ್ನೇ ಕೇಳೋದು.”

“ಫೋನ್ ಮಾಡಿ ಹೇಳ್ತೀನಿ ಬಿಡಮ್ಮ,” ಎಂದರು ಕೋದಂಡರಾಮಪ್ಪ.

“ಕಳ್ಳಿ ಅಂದದ್ದು ಫೋನಲ್ಲಾ?” ಚನ್ನರಾಯಪ್ಪ ಎದ್ದರು. ಅವರಿಗೆ ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. “ಟೇಕಲ್‌ಗೆ ಸಾಯಂಕಾಲದ ಟ್ರೈನಿದೆ, ನಡೀರಿ. ಯೂನಿಫಾರ್ಮಲ್ಲಿ ನಾನೂ ಬರ್ತೀನಿ. ಅದೇ ಅಂಗಡೀಲಿ, ಇವಳು ಕದ್ದಿಲ್ಲ ಅಂತ ಅಷ್ಟೇ ಜೋರಾಗಿ ಹೇಳ್ಬೇಕು, ನೋಡಿ.”

ಶ್ಯಾಮಲಮ್ಮ ಗಂಡನ ಚಪ್ಪಲಿಗಳನ್ನು ಕಾಲಿನಿಂದ ಬಾಗಿಲ ಕಡೆಗೆ ಸರಿಸಿದರು.