ಪಿಯಾನೋದವರು

ಮಹಾಯುದ್ಧಗಳ ಸಾಲಿಗೆ ಸೇರಿಸಲೇಬೇಕಾದ ಘಟನೆಯೊಂದಿದೆ: ಒಬ್ಬ ನಿವೃತ್ತ ಮ್ಯಾನೇಜರರು ತಮ್ಮ ಮನೆಯ ಬಾಗಿಲು ತೆರೆದು, ಎದುರಿಗೆ ನಿಂತವನನ್ನು "ಬನ್ನಿ, ಪಿಯಾನೋದವರೇ" ಎಂದು ಕರೆದದ್ದು.

ಎದುರಿಗೆ ನಿಂತವನು ಅದೇ ಮ್ಯಾನೇಜರರ ಕೈಕೆಳಗೆ ಅರ್ಧ ಆಯುಸ್ಸು ಗುಮಾಸ್ತಿಕೆ ಮಾಡಿದ್ದ. ಐವತ್ತರ ಹೊಸ್ತಿಲಲ್ಲಿ ಅವನನ್ನು ಮನೆಗೆ ಕಳಿಸಿದವರೂ ಅವರೇ. ಬೇರೆ ದಾರಿ ಕಾಣದೆ ಅವನು ಪಿಯಾನೋ ಶ್ರುತಿ ಮಾಡುವ ವಿದ್ಯೆ ಕಲಿತ. "ಈ ವಯಸ್ಸಲ್ಲಿ ತಂತಿ ತಿರುಚೋಕೆ ಹೊರಟ್ರಾ ಭಾವ? ಮುದಿ ಎತ್ತಿಗೆ ಹೊಸ ಮೂಗುದಾರ!" ಎಂದು ಹೆಂಡತಿಯ ತಮ್ಮ ನಕ್ಕಾಗಲೂ ನುಂಗಿಕೊಂಡ. ಕೆಲಸ ಕಿತ್ತುಕೊಂಡವರನ್ನು ಬೇಕಾದರೆ ಕ್ಷಮಿಸಬಹುದು. ಕಿತ್ತುಕೊಂಡದ್ದು ಯಾರಿಂದ ಎಂಬುದನ್ನೇ ಮರೆತವರನ್ನು? ಅವತ್ತು ಕಾಫಿ ತಂದುಕೊಟ್ಟ ಅಮ್ಮಾವರ ಕೊರಳಲ್ಲಿ ವಜ್ರದ ಸರ ಹೊಳೆಯುತ್ತಿತ್ತು. ಸಾಹೇಬರ ನೆನಪು ಇಷ್ಟು ದುರ್ಬಲವಾದರೆ, ಅವರ ಬೀರುವೂ ಒಂದಿಷ್ಟು ಮರೆಯಲಿ ಎಂದುಕೊಂಡ.

ಅವನ ಹೊಸ ಕಸುಬಿನಲ್ಲಿ ಒಂದು ಅನುಕೂಲವಿತ್ತು. ಒಂದೇ ಸ್ವರವನ್ನು ಮತ್ತೆ ಮತ್ತೆ ಬಡಿಯುವುದನ್ನು ಸಹಿಸುವ ಸಂಸಾರಸ್ಥರು ಈ ಭೂಮಿಯ ಮೇಲಿಲ್ಲ. ಮನೆಯವರು ತಾವಾಗಿ ದೂರದ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾರೆ. ಪಿಯಾನೋ ಟಣ್ ಟಣ್ ಎನ್ನುತ್ತಿರುವವರೆಗೆ ಪಿಯಾನೋದವನು ಅದರ ಮುಂದೆಯೇ ಇದ್ದಾನೆ ಎಂದು ಪ್ರಮಾಣ ಮಾಡಿ ಹೇಳುತ್ತಾರೆ.

ಆದ್ದರಿಂದ ಮುಂದಿನ ಸಲ ಹೋದಾಗ ಅವನು ಇಡೀ ಕೆಲಸದ ಸದ್ದನ್ನು ಫೋನಿನಲ್ಲಿ ಹಿಡಿದಿಟ್ಟ. ಬೇರೆ ಮನೆಯ ಸದ್ದು ನಡೆಯದು. ಪಿಯಾನೋಗಳಿಗೂ ತಮ್ಮ ತಮ್ಮದೇ ಗಂಟಲಿರುತ್ತದೆ. ಮನೆಗೆ ಬಂದು ಅದನ್ನು ಹಲವು ಸಲ ಕೇಳಿದ. ಒಂದು ಏಟೂ ತಪ್ಪಿರಲಿಲ್ಲ. ಸರದ ಜಾಗದಲ್ಲಿ ಇಡಲು ಗಾಜಿನ ಸರವನ್ನೂ ಮಾಡಿಸಿದ. ಕಳುವಾದದ್ದೇ ಗೊತ್ತಾಗದ ಕಳವಿಗೆ ಕಳ್ಳನನ್ನು ಹುಡುಕುವವರು ಯಾರು?

ಅಷ್ಟರಲ್ಲಿ ಮ್ಯಾನೇಜರರು ತೀರಿಕೊಂಡರು. ಮನೆಯಲ್ಲಿ ಒಂದು ಜೊತೆ ಕಿವಿ ಕಡಿಮೆಯಾಯಿತೆಂದು ಲೆಕ್ಕ ಹಾಕುತ್ತ, ಮುಖ ಸಣ್ಣದು ಮಾಡಿಕೊಂಡು ಮಾತಾಡಿಸಲು ಹೋದ. ಅಮ್ಮಾವರ ಕೊರಳು ಬರಿದಾಗಿತ್ತು.

"ಯಾರು ನೋಡ್ಬೇಕು ಅಂತ ಹಾಕ್ಕೊಳ್ಳಲಿ? ಮೇಲೆ ಬೀರುನಲ್ಲಿ ಬಿದ್ದಿದೆ" ಎಂದರು ಅವರು. ಆಮೇಲೆ, "ಪಿಯಾನೋ ನೋಡೋಕೆ ಒಂದ್ಸಲ ಬನ್ನಿ. ಅವರಿಗೆ ಆ ಸದ್ದು ಕಂಡ್ರೆ ಆಗ್ತಿರಲಿಲ್ಲ. ಈಗ ಅದಾದ್ರೂ ಇರಲಿ ಅನ್ನಿಸುತ್ತೆ. ಮನೆ ತುಂಬಾ ಸುಮ್ಮನಿದೆ."

ಕರೆದ ದಿನವೇ ಹೋದ. ಅಮ್ಮಾವರೂ ಅಡುಗೆಯವಳೂ ಅಡುಗೆಮನೆ ಸೇರಿ ಕದ ಮುಚ್ಚಿಕೊಂಡರು. ಒಂದಿಷ್ಟು ಹೊತ್ತು ನಿಜವಾಗಿ ಬಾರಿಸಿದ. ಆಮೇಲೆ ಪುಟ್ಟ ಸ್ಪೀಕರನ್ನು ಪಿಯಾನೋದ ಒಡಲೊಳಗಿಟ್ಟು, ಫೋನು ಒತ್ತಿ, ಬರಿಗಾಲಲ್ಲಿ ಮೆಟ್ಟಿಲು ಹತ್ತಿದ. ಬೀರುವಿಗೆ ಬೀಗವೂ ಇರಲಿಲ್ಲ. ಗಾಜಿನ ಸರ ಒಡವೆ ಪೆಟ್ಟಿಗೆಗೆ ಹೋಯಿತು, ವಜ್ರ ಜೇಬಿಗೆ ಬಂತು. ಕೆಳಗೆ ತನ್ನದೇ ಕೈಚಳಕ ಟಣ್ ಟಣ್ ಎನ್ನುತ್ತಿರುವುದನ್ನು ಕೇಳಿ, ಮೊದಲ ಬಾರಿಗೆ, ತಾನು ಒಳ್ಳೆಯ ಕೆಲಸಗಾರ ಎನ್ನಿಸಿತು.

ಒಳ್ಳೆಯ ಕೆಲಸಗಾರನೇ. ಶ್ರುತಿ ಮಾಡುವವನ ಕಿವಿ ತಂತಿಯನ್ನು ಮಾತ್ರ ಕೇಳುತ್ತದೆ; ಬೀದಿಯ ಗದ್ದಲ, ನಲ್ಲಿಯ ನೀರು, ಮನೆಯವರ ಮಾತು ಎಲ್ಲವನ್ನೂ ಸೋಸಿ ಆಚೆಗೆ ಹಾಕುತ್ತದೆ. ಫೋನಿಗೆ ಆ ಶಿಸ್ತಿರಲಿಲ್ಲ. ಅವನು ಹಲವು ಸಲ ಕೇಳಿಯೂ ಕೇಳಿಸಿಕೊಳ್ಳದಿದ್ದದ್ದು, ಎರಡು ಏಟುಗಳ ನಡುವೆ, ಮನೆ ಮೊಳಗುವಂತೆ ಪಿಯಾನೋದ ಹೊಟ್ಟೆಯಿಂದ ಸಾಹೇಬರ ದನಿಯಲ್ಲಿ ಬಂತು: "ಇವಳೇ! ನನ್ನ ಕನ್ನಡಕ ಎಲ್ಲಿಟ್ಟೆ?" "ಹಣೆ ಮೇಲೇ ಇದೆ ನೋಡ್ರೀ!" ಎನ್ನುತ್ತ ಅಮ್ಮಾವರು ಕದ ತೆರೆದು ಓಡಿಬಂದರು. ಖಾಲಿ ಸ್ಟೂಲನ್ನು ನೋಡಿದರು. ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತವನನ್ನು ನೋಡಿದರು. ಅವನ ಜೇಬಿನಿಂದ ಸರದ ತುದಿ ಇಣುಕುತ್ತಿತ್ತು. ಅವರು ಅದರಿಂದ ಕಣ್ಣು ತೆಗೆದು ಪಿಯಾನೋದತ್ತ ಕೈ ತೋರಿಸಿದರು. "ಇನ್ನೊಂದ್ಸಲ ಹಾಕಿ" ಎಂದರು. ಅವನು ಹಾಕಿದ. ಅಡುಗೆಯವಳು ಪೊಲೀಸರಿಗೆ ಫೋನು ಮಾಡಿದಳು.