ನಮ್ಮನೆಯವ್ರಿಗೆ ದಪ್ಪ ಚಾಪೆ

"ಅಯ್ಯೋ… ಯಾರ್ರೀ ಕಂಬ ಬಿಟ್ಟಿದ್ದು?!"

ಅಂಗಡಿಯ ನಡುವೆ ನಿಲ್ಲಿಸಿದ್ದ ಟೆಂಟಿನೊಳಗೆ ಇಣುಕಿದ್ದಷ್ಟೇ, ಅದು ದೊಪ್ಪನೆ ಅವಳ ಮೇಲೆ ಕುಸಿದಿತ್ತು. ನೀಲಿ ಬಟ್ಟೆಯೊಳಗೆ ತಡಕಾಡುತ್ತಿದ್ದವಳ ಹಣೆಗೆ ಇನ್ನೊಂದು ಹಣೆ ಢಿಕ್ಕಿ ಹೊಡೆಯಿತು.

"ಕಂಬ ಬಿಟ್ಟಿದ್ದು ನಾನೇ. ಆದ್ರೆ ಜಿಪ್ಪು ಹಿಡಿದು ಜಗ್ಗಿದ್ದು ನೀವು!"

ಆ ದನಿ…! ಫೋನಿನಲ್ಲಿ ದಿನಾ ಕೇಳಿದ್ದೇ!

"ಕ್ಯಾಪ್ಟನ್?"

"ಡ್ರಾಯಿಂಗ್ ಟೀಚರ್?!"

ಊರಿನ ಮಕ್ಕಳ ಸಂಘದ ಹುಡುಗ ಹುಡುಗಿಯರನ್ನು ಕ್ಯಾಂಪಿಗೆ ಕರೆದೊಯ್ಯುವ ಹೊಣೆ ಇವರಿಬ್ಬರದು. ಅವನು ಆಂಬ್ಯುಲೆನ್ಸ್ ಡ್ರೈವರ್. ಪ್ರತಿ ವರ್ಷ ಕ್ಯಾಂಪ್ ನಡೆಸುವುದರಿಂದ ಹುಡುಗರ ಬಾಯಲ್ಲಿ ಕ್ಯಾಪ್ಟನ್. ಅವಳು ಹೊಸಬಳು. ವಾರಗಟ್ಟಲೆ ಫೋನಿನಲ್ಲೇ ಜಗಳ, ನಗು, ಮತ್ತೆ ಜಗಳ. ಮುಖ ನೋಡಿದ್ದು ಇವತ್ತೇ, ಕ್ಯಾಂಪಿನ ಸಾಮಾನು ಕೊಳ್ಳಲು ಬಂದಾಗ… ಅದೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ!

ಆಮೇಲೆ ಕೇಳಬೇಕೇ! ಟಾರ್ಚುಗಳನ್ನೆಲ್ಲ ಹೊತ್ತಿಸಿ ಆರಿಸಿದ್ದಾಯಿತು. ಅವನು ಸ್ಲೀಪಿಂಗ್ ಬ್ಯಾಗಿನಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡಿದ್ದೂ ಆಯಿತು. ಕೊನೆಗೆ ಟೆಂಟನ್ನು ಮತ್ತೆ ನಿಲ್ಲಿಸಿ, ಅವನನ್ನು ಒಳಗೆ ಕೂರಿಸಿ, ಮೇಲಿನಿಂದ ಮಗ್ಗಿನಲ್ಲಿ ನೀರು ಸುರಿದಳು.

"ಸೋರ್ತಿದ್ಯಾ?"

"ಇಲ್ಲ… ಇನ್ನೂ ಸ್ವಲ್ಪ ಸುರೀರಿ. ನೀವು ನಗೋದು ಇಲ್ಲಿಗೆ ಚೆನ್ನಾಗಿ ಕೇಳ್ಸುತ್ತೆ."

ಅವಳ ಕೈಯಲ್ಲಿ ಮಗ್ಗು ಹಾಗೇ ನಿಂತಿತು. 'ಇವತ್ತೇ ಹೇಳಿಬಿಡಲಾ…?'

ಅಷ್ಟರಲ್ಲಿ ಅವನ ಫೋನ್ ರಿಂಗಾಯಿತು.

"ಹೂಂ, ನಮ್ಮನೆಯವ್ರಿಗೆ ದಪ್ಪ ಚಾಪೆನೇ ತಗೋತೀನಿ. ಹೋದ ಸಲ ರಾತ್ರಿಯೆಲ್ಲಾ ಬೆನ್ನು, ಸೊಂಟ ಅಂತ ಗೋಳಾಡಿದ್ರು, ಪಾಪ!"

ನಮ್ಮನೆಯವ್ರು…! ಅಂದರೆ, ಮದುವೆಯಾಗಿದೆ!

ಅವಳು ಮಗ್ಗನ್ನು ಕುಕ್ಕಿದಳು. "ಉಳಿದಿದ್ದು ನೀವೇ ಆರಿಸ್ಕೊಳ್ಳಿ. ನಾನು ಕ್ಯಾಂಪಿಗೆ ಬರಲ್ಲ."

ಅವನು ಟೆಂಟಿನಿಂದ ತಲೆ ಹೊರಹಾಕಿದ. "ಯಾಕ್ರೀ? ಈಗಷ್ಟೇ ಕುಣೀತಿದ್ರಿ?"

"ನಿಮ್ಮನೆಯವ್ರನ್ನೇ ಕರ್ಕೊಂಡ್ ಹೋಗಿ!"

"ಅವ್ರು ಬಂದೇ ಬರ್ತಾರೆ. ಅವ್ರಿಗೋಸ್ಕರ ತಾನೆ ಕ್ಯಾಂಪು!"

ಎಷ್ಟು ಧೈರ್ಯ! ಅವಳ ಕಣ್ಣು ತುಂಬಿ ಬಂತು. ಬ್ಯಾಗ್ ಹೆಗಲಿಗೇರಿಸಿ ಬಾಗಿಲತ್ತ ತಿರುಗಿದಳು.

ಗಲ್ಲಾದಲ್ಲಿದ್ದ ಅಂಗಡಿ ಆಂಟಿ ಕೂಗಿದರು, "ಕ್ಯಾಪ್ಟನ್, ಚಾಪೆ ಕಟ್ಲಾ? ಈ ಸಲ ನಿಮ್ಮನೆಯವ್ರು ಎಷ್ಟು ಜನ?"

ಅವಳು ಗಕ್ಕನೆ ನಿಂತಳು. "ಎಷ್ಟು… ಜನಾನಾ?!"

"ಆರು ಜನ ಆಂಟಿ. ಒಬ್ಬನಿಗೂ ಮೀಸೆ ನೆಟ್ಟಗೆ ಬಂದಿಲ್ಲ, ಗೊರಕೆ ಮಾತ್ರ ಥೇಟ್ ಲಾರಿ!"

ಆಂಟಿ ಅವಳ ಮುಖ ನೋಡಿ ನಕ್ಕರು. "ಇವರ ಸಂಘದಲ್ಲಿ ಒಂದೊಂದು ಟೆಂಟೂ ಒಂದೊಂದು ಮನೆ ಕಣಮ್ಮಾ. ಇವರ ಟೆಂಟಿನ ಹುಡುಗ್ರೇ ಇವರ ಮನೆಯವ್ರು. ಯಾಕೆ, ನೀನೇನಂದ್ಕೊಂಡೆ?"

ಭೂಮಿ ಬಾಯಿ ಬಿಡಬಾರದೇ! ಕೈಗೆ ಸಿಕ್ಕ ಸ್ಲೀಪಿಂಗ್ ಬ್ಯಾಗಿನಲ್ಲಿ ಅವಳು ಮುಖ ಹುದುಗಿಸಿದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತೇ ಬೇಕಾಯಿತು. ಅರ್ಥವಾದಾಗ ಕಿವಿಯೆಲ್ಲ ಕೆಂಪು!

"ಟೀಚರ್… ಅದಕ್ಕೇನಾ ಬರಲ್ಲ ಅಂದಿದ್ದು?"

"ಮತ್ತೆ? ಬೆನ್ನು, ಸೊಂಟ, ಪಾಪ… ಅಂದ್ರೆ ಯಾರಾದ್ರೂ ಏನಂದ್ಕೋಬೇಕು?"

ಅವನು ಹತ್ತಿರ ಬಂದ. ತಮಾಷೆಯೆಲ್ಲ ಎಲ್ಲಿ ಹೋಯಿತೋ! "ಟೆಂಟಿನಾಚೆ ನಂಗೆ ಮನೆಯವ್ರು ಅಂತ ಯಾರೂ ಇಲ್ಲ ರೀ. ನೀವು… ಆಗ್ತೀರಾ?"

ಮುಖ ಇನ್ನೂ ಬ್ಯಾಗಿನೊಳಗೇ ಇತ್ತು. "ಕ್ಯಾಂಪಲ್ಲಿ ನಾನು ಹುಡುಗೀರ ಮನೆ."

"ಗೊತ್ತು. ವಾಪಸ್ ಬಂದ್ಮೇಲೆ?"

ಮೆಲ್ಲನೆ ಎರಡು ಕಣ್ಣುಗಳಷ್ಟೇ ಹೊರಗೆ ಬಂದವು. "ನಂಗೂ ದಪ್ಪ ಚಾಪೆನೇ ಬೇಕಪ್ಪಾ…"

ಅವನು ಅಂಗಡಿಯೆಲ್ಲ ಕೇಳುವ ಹಾಗೆ ಕೂಗಿದ:

"ಆಂಟೀ… ಇನ್ನೊಂದು ದಪ್ಪ ಚಾಪೆ! ನಮ್ಮನೆಯವ್ರಿಗೆ!"