ಸುಡದೆ ಉಳಿದ ಹುಲ್ಲು

ದೂರು ಠಾಣೆಗೆ ಬಂದದ್ದು ಫೆಬ್ರವರಿಯ ಎರಡನೇ ಸೋಮವಾರ, ಬೆಳಿಗ್ಗೆ ಒಂಬತ್ತಕ್ಕೆ. ದೂರುದಾರ ವಾರೆನ್ ಡಿಲಾರ್ಡ್, ವಯಸ್ಸು ಐವತ್ತೊಂದು, ವಾಸ ಡಲ್ಲಾಸ್. ಪಾಲೊ ಸೆಕೊ ಕೌಂಟಿಯ ಉತ್ತರದ ಗುಡ್ಡಗಳಲ್ಲಿ ಅವನದೊಂದು ರ‍್ಯಾಂಚ್ ಇತ್ತು. ಜಿಂಕೆ ಬೇಟೆಯ ಕಾಲದಲ್ಲಿ ಸ್ನೇಹಿತರನ್ನು ಕಟ್ಟಿಕೊಂಡು ಬಂದು ನಾಲ್ಕು ದಿನ ಇದ್ದು ಹೋದರೆ, ಉಳಿದಂತೆ ಗೇಟಿಗೆ ಬೀಗ.

ತನಿಖಾಧಿಕಾರಿ ಎಸ್ಟೆಲಾ ಕಸಾರೆಸ್ ಬೆಳಗಿನ ತಿಂಡಿಯ ಟಾಕೊವನ್ನು ಅರ್ಧಕ್ಕೇ ಸುತ್ತಿಟ್ಟು ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

"ಯಾರೋ ನನ್ನ ಗುಡ್ಡ ಸುಟ್ಟಿದ್ದಾರೆ."

"ಎಷ್ಟು?"

"ಮೂವತ್ತು ಎಕರೆ. ಹಿಂದಿನ ಹುಲ್ಲುಗಾವಲು ಪೂರ್ತಿ."

"ಯಾವಾಗ?"

"ಶುಕ್ರವಾರ ಅಂತೆ. ನಾನು ನಿನ್ನೆ ಸಂಜೆ ಬಂದು ನೋಡಿದೆ."

"ಬೆಂಕಿ ಆರಿಸೋರು ಬಂದಿರ್ಲಿಲ್ವಾ?"

"ಅದನ್ನ ನೀವೇ ಹೇಳ್ಬೇಕು, ಮೇಡಂ. ಹೊಗೆ ಊರಿಗೆಲ್ಲ ಕಂಡಿದೆ. ಲಾರಿ ಹೊರಡಲಿಲ್ಲ. ಹೋಗೋದು ಬೇಡ ಅಂತ ಹೇಳಿದ್ದು ಈ ಠಾಣೆಯಂತೆ!"

ಬಾಗಿಲ ಬಳಿ ನಿಂತಿದ್ದ ಡೆಪ್ಯುಟಿ ಕ್ಲೀಟಸ್ ಹಾಫರ್ ತನ್ನ ಬೂಟಿನ ತುದಿ ನೋಡಿಕೊಂಡ.

ಡಿಲಾರ್ಡ್ ಅವನ ಕಡೆ ಕೈ ತೋರಿಸಿದ. "ಇದು ನಿಮ್ಮ ಬೆಂಕಿ ಸಂಘದವರದೇ ಕೆಲಸ. ಒಂದು ವಾರ ಕೊಡ್ತೀನಿ. ಮಾಡಿದವರ ಹೆಸರು ಸಿಕ್ರೆ ಸರಿ. ಇಲ್ಲಾಂದ್ರೆ ಇಡೀ ಸಂಘವನ್ನೇ ಕೋರ್ಟಿಗೆ ಎಳೀತೀನಿ."

ಅವನು ಹೋದಮೇಲೆ ಎಸ್ಟೆಲಾ ಪ್ರಥಮ ವರ್ತಮಾನ ವರದಿ ಬರೆದು ಮುಗಿಸಿದಳು. ಆಮೇಲೆ ಕ್ಲೀಟಸ್ ಅಂದ, "ಕೇಸು ಸಂಘದ ಮೇಲೆ ಬಿದ್ರೆ ಇನ್ಶೂರೆನ್ಸ್ ಹೋಗುತ್ತೆ. ಅದು ಹೋದ್ರೆ ಈ ಕೌಂಟೀಲಿ ಒಬ್ಬನೂ ಕಡ್ಡಿ ಗೀರಲ್ಲ. ಐದೇ ವರ್ಷ, ಮೇಡಂ. ಸೀಡರ್ ಮರ ಹಬ್ಬಿ ಎಲ್ಲಾನೂ ನುಂಗಿಹಾಕುತ್ತೆ."

ಎಸ್ಟೆಲಾಗೆ ಇದು ಗೊತ್ತಿತ್ತು. ಆ ಗುಡ್ಡಗಳಲ್ಲಿ ಚಳಿಗಾಲದಲ್ಲಿ ಒಬ್ಬರ ಕಾವಲು ಸುಡಲು ಇನ್ನೊಬ್ಬರು ಹೋಗುವುದು ಮದುವೆಗೆ ಹೋದಷ್ಟೇ ಸಹಜ. ಸಂಘದ ಇಪ್ಪತ್ತೆರಡು ಮನೆಯವರು ತಮ್ಮ ತಮ್ಮ ಪಂಜು, ನೀರಿನ ಟ್ಯಾಂಕು, ಮಾಂಸದ ಡಬ್ಬಿ ಹಿಡಿದು ಬರುತ್ತಾರೆ. ಮುಳ್ಳು ಸೀಡರ್ ಹೋಗಿ ಹುಲ್ಲು ಬರುತ್ತದೆ. ಹುಲ್ಲಿನ ಹಿಂದೆ ಲಾವಕ್ಕಿ, ಟರ್ಕಿ ಕೋಳಿ, ಜಿಂಕೆ. ಕ್ಲೀಟಸ್ ಕೂಡ ಆ ಇಪ್ಪತ್ತೆರಡರಲ್ಲಿ ಒಬ್ಬ.

"ಶುಕ್ರವಾರ ನೀನೆಲ್ಲಿದ್ದೆ?" ಎಂದು ಎಸ್ಟೆಲಾ ಕೇಳಿದಳು.

"ನನ್ನನ್ನೂ ಕೇಳ್ತೀರಾ?"

"ನಿನ್ನಿಂದಲೇ ಶುರು."

"ಹೆದ್ದಾರೀಲಿ, ಮಗುಚಿದ ಕುರಿ ಲಾರಿ ಹತ್ರ. ನೂರಾರು ಕುರಿ ಸಾಕ್ಷಿ."

ಅವಳು ನಗದೆ ಬರೆದುಕೊಂಡಳು.

ಠಾಣೆಗೆ ಬರುವ ಕರೆಗಳನ್ನು ತೆಗೆದುಕೊಳ್ಳುವ ಕೋಣೆಯಲ್ಲಿ ಟ್ರಿನಾ ಇದ್ದಳು. ದೂರದ ಲಬಕ್‌ನಿಂದ ಬಂದು ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತಷ್ಟೆ. ಊರಿನವರ ದನಿಗಳಿನ್ನೂ ಪರಿಚಯವಾಗಿರಲಿಲ್ಲ.

"ಫೋನ್ ಬಂದಿತ್ತು ಮೇಡಂ. ಶುಕ್ರವಾರ ಹನ್ನೊಂದರ ಹೊತ್ತಿಗೆ. ಡಿಲಾರ್ಡ್ ರ‍್ಯಾಂಚಿನ ಹಿಂದಿನ ಕಾವಲು ಇವತ್ತು ಸುಡ್ತೀವಿ, ಹೊಗೆ ಕಂಡ್ರೆ ಬೆಂಕಿ ಆರಿಸೋ ಹುಡುಗರನ್ನ ಕಳಿಸ್ಬೇಡ ಅಂದ್ರು. ಸುಡೋಕೆ ಮುಂಚೆ ಎಲ್ಲರೂ ಹೀಗೇ ಹೇಳ್ತಾರಂತಲ್ಲ? ನಾನು ರ‍್ಯಾಂಚಿನವರೇ ಅಂದ್ಕೊಂಡೆ."

"ಗಂಡಸೋ, ಹೆಂಗಸೋ?"

"ಗೊಗ್ಗರು ದನಿ. ಗಂಡಸು ಅನ್ಸಿತ್ತು. ಈಗ ಕೇಳಿದ್ರೆ ಗ್ಯಾರಂಟಿ ಇಲ್ಲ."

"ಬೇರೇನು ಹೇಳಿದ್ರು?"

"ಗಾಳಿ ಯಾವ ಕಡೆಯಿಂದ, ಎಷ್ಟು, ಎಲ್ಲಾ. ಆಮೇಲೆ ಕೆಳಗಿನ ಮನೆಯ ಬೂತ್ ಮ್ಯಾಕ್ರೇಡಿಗೆ ಉಬ್ಬಸ ಇದೆ, ಒಂದು ಫೋನ್ ಮಾಡಿ ಕಿಟಕಿ ಮುಚ್ಕೊಳ್ಳೋಕೆ ಹೇಳು ಅಂದ್ರು. ಹೇಳಿದೆ." ಟ್ರಿನಾ ಅಳು ಬರುವ ಹಾಗಿದ್ದಳು. "ನನ್ನ ಕೆಲಸ ಹೋಗುತ್ತಾ?"

"ಕಳ್ಳನೇ ಠಾಣೆಗೆ ಫೋನ್ ಮಾಡಿ ಹೇಳ್ಕೊಂಡು ಕದಿಯೋ ಊರು ಇದು. ನಿನ್ನದೇನು ತಪ್ಪು?"

ಕರೆ ಬಂದಿದ್ದ ನಂಬರು ಊರಿನ ಅಗ್ನಿಶಾಮಕ ಶೆಡ್ಡಿನ ಅಡುಗೆಮನೆಯದು. ಅಲ್ಲಿಯ ಬಾಗಿಲಿಗೆ ಬೀಗ ಹಾಕಿದ್ದನ್ನು ಯಾರೂ ನೋಡಿಲ್ಲ. ಕಾಫಿಗೆಂದು ಊರಿಗೆ ಊರೇ ಒಳಗೆ ಬಂದು ಹೋಗುತ್ತದೆ. ಫೋನಿನ ಮೇಲೆ ಬೆರಳಚ್ಚು ಹುಡುಕಲು ಹೋದ ಕ್ಲೀಟಸ್‌ಗೆ ಸಿಕ್ಕಿದ್ದು ಸಾಸಿವೆ ಸಾಸು.

ಮಧ್ಯಾಹ್ನ ಸ್ಥಳ ಮಹಜರು. ಡಿಲಾರ್ಡ್ ಗೇಟು ತೆಗೆದುಕೊಟ್ಟು ಮನೆಯಲ್ಲೇ ಉಳಿದ. ಎಸ್ಟೆಲಾ, ಕ್ಲೀಟಸ್ ಇಬ್ಬರೂ ನಡೆದು ಗುಡ್ಡ ಹತ್ತಿದರು.

ಕಿಡಿಗೇಡಿಗಳು ಸುಟ್ಟ ಜಾಗಗಳನ್ನು ಎಸ್ಟೆಲಾ ತನ್ನ ಹದಿನೆಂಟು ವರ್ಷದ ನೌಕರಿಯಲ್ಲಿ ಬೇಕಾದಷ್ಟು ನೋಡಿದ್ದಳು. ಬೆಂಕಿ ಹಾರಿದಲ್ಲಿ ಕರಕಲು, ಹಾರದಿದ್ದಲ್ಲಿ ಹಾಗೇ ಉಳಿಕೆ, ಬೇಲಿ ದಾಟಿ ಎಲ್ಲೆಲ್ಲೋ ನುಗ್ಗಿದ ಗುರುತು. ಇಲ್ಲಿ ಅದು ಯಾವುದೂ ಇರಲಿಲ್ಲ. ಮೇಲಿನ ಜಾಡುದಾರಿಯ ಅಂಚಿನಲ್ಲಿ ಕಪ್ಪು ನಿಂತಿದ್ದು ಗೆರೆ ಹೊಡೆದ ಹಾಗಿತ್ತು. ಗಾಳಿ ಹೋಗುವ ದಿಕ್ಕಿನ ಅಂಚನ್ನು ಮೊದಲು, ಗಾಳಿಗೆ ಎದುರಾಗಿ, ನಿಧಾನಕ್ಕೆ ಸುಟ್ಟು ಬೋಳು ಮಾಡಿಕೊಂಡು, ಆಮೇಲೆ ಪಕ್ಕಗಳು, ಕಡೆಗೆ ಕೆಳಗಿನಿಂದ ಬೆಂಕಿ ಬಿಟ್ಟಿದ್ದರು. ಸೀಡರ್ ಒಂದೂ ಉಳಿದಿರಲಿಲ್ಲ. ಅವುಗಳ ಸುಟ್ಟ ಮೊಂಡುಗಳ ನಡುವೆ ಹಳೆಯ ಓಕ್ ಮರಗಳು ಎಲೆ ಸಹಿತ ಹಸಿರಾಗಿ ನಿಂತಿದ್ದವು. ಪ್ರತಿ ಓಕ್ ಬುಡದಲ್ಲೂ ಒಣಗಿದ ಎಲೆಯನ್ನು ಹಲುಬೆಯಿಂದ ಎಳೆದು ದೂರ ಮಾಡಿದ್ದರು. ಲಾವಕ್ಕಿ ಅಡಗುವ ಪೊದೆಗಳ ಸುತ್ತಲೂ ಅದೇ ಕೆಲಸ.

ಕ್ಲೀಟಸ್ ಟೋಪಿ ತೆಗೆದ. "ಹೊಲಿದ ಹಾಗೆ ಸುಟ್ಟಿದ್ದಾರೆ, ಮೇಡಂ. ನಮ್ಮಲ್ಲಿ ಇಷ್ಟು ಚೆನ್ನಾಗಿ..." ಅಷ್ಟಕ್ಕೆ ನಿಲ್ಲಿಸಿದ.

"ಇಷ್ಟು ಚೆನ್ನಾಗಿ ಮಾಡೋರು ಎಷ್ಟು ಜನ?"

"ಇಪ್ಪತ್ತೆರಡೂ ಮನೆಯವರು ನಾನೇ ಅಂತಾರೆ."

"ನಾನು ಅವರು ಅನ್ನೋದನ್ನ ಕೇಳಲಿಲ್ಲ."

ಅವನು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ. ಎಸ್ಟೆಲಾ ಆ ಮಾತು ಬಿಟ್ಟಳು. ಆರಿದ ಒಂದು ಮೊಂಡಿನ ಮೇಲೆ ಅಂಗೈ ಹಿಂಬದಿ ಇಟ್ಟು ನೋಡಿದಳು. ತಣ್ಣಗಿತ್ತು. ಸುಟ್ಟವರು ಎಲ್ಲ ಮೊಂಡುಗಳಿಗೂ ನೀರು ಹಾಕಿ, ಕಾದು, ಮುಟ್ಟಿ ನೋಡಿ ಹೋಗಿದ್ದರು.

ಆಗ ಅವಳ ಕಣ್ಣಿಗೆ ಬಿದ್ದದ್ದು ಹಳ್ಳ. ಗುಡ್ಡದ ನಡುವೆ ಕೆಳಗಿಳಿಯುವ ಒಣ ಹಳ್ಳ. ಅದರ ಎರಡೂ ದಂಡೆಯಲ್ಲಿ, ಒಂದು ರಸ್ತೆಯಷ್ಟು ಅಗಲಕ್ಕೆ, ಎದೆಮಟ್ಟದ ಹುಲ್ಲು ಹಾಗೇ ಉಳಿದಿತ್ತು.

"ಅಲ್ಲಿ ಒದ್ದೆ ಇತ್ತೇನೋ. ಹತ್ತಿಲ್ಲ," ಎಂದ ಕ್ಲೀಟಸ್.

ಅವಳು ಒಂದು ಗರಿ ಕಿತ್ತು ಮುರಿದಳು. ಪಟ್ ಎಂದಿತು. "ಕಾಗದದ ಹಾಗಿದೆ. ಹತ್ತಿಲ್ಲ ಅಲ್ಲ, ಹತ್ತೋಕೆ ಬಿಟ್ಟಿಲ್ಲ. ಅಂಚಿಗೆ ಉದ್ದಕ್ಕೂ ಹಲುಬೆ ಎಳೆದಿರೋದು ನೋಡು. ಎಲ್ಲಕ್ಕಿಂತ ಹೆಚ್ಚು ಬೆವರು ಸುರಿಸಿದ್ದು ಇಲ್ಲೇ. ಯಾಕೆ?"

"ಜಿಂಕೆ ಮರಿ ಹಾಕೋಕೆ ಮರೆ ಬೇಕಲ್ಲ."

"ಮರೆಗೆ ಒಂದು ಮೂಲೆ ಬಿಟ್ರೆ ಸಾಕು. ಇದು ಮೇಲಿಂದ ಕೆಳಗಿನವರೆಗೂ ಹಳ್ಳದ ಜೊತೇಲೇ ಹೋಗಿದೆ."

ಕ್ಲೀಟಸ್‌ನ ಮುಖ ಬಿಳಿಚಿತು. ಅವನಿಗೆ ತಿಳಿದಿದೆ ಎಂದು ಅವಳಿಗೆ ತಿಳಿಯಿತು. ಆದರೂ ಒಬ್ಬ ಸಾಕ್ಷಿಯ ಹೇಳಿಕೆ ಬಾಕಿ ಇತ್ತು.

ಬೂತ್ ಮ್ಯಾಕ್ರೇಡಿ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ.

"ಶುಕ್ರವಾರ ಯಾರನ್ನಾದ್ರೂ ನೋಡಿದ್ರಾ, ಮಿಸ್ಟರ್ ಬೂತ್?"

"ಕಿಟಕಿ ಮುಚ್ಕೊಂಡು ಒಳಗಿದ್ದೆ. ನಿಮ್ಮ ಹುಡುಗಿಯೇ ಹೇಳಿದ್ದು."

"ನಿಮಗೆ ಉಬ್ಬಸ ಅಂತ ಯಾರ‍್ಯಾರಿಗೆ ಗೊತ್ತು?"

"ನಾನು ಕೆಮ್ಮಿದ್ರೆ ಮೆಕ್ಸಿಕೋದವರೆಗೂ ಕೇಳುತ್ತೆ."

"ಯಾರ ಮೇಲಾದ್ರೂ ಅನುಮಾನ?"

"ಯಾರೇ ಆಗ್ಲಿ, ಸಿಕ್ಕಿದ್ರೆ ನನ್ನ ಕಾವಲೂ ಒಂಚೂರು ಸುಟ್ಟುಕೊಟ್ಟು ಆಮೇಲೆ ಜೈಲಿಗೆ ಹೋಗ್ಲಿ ಅಂತ ಹೇಳು."

"ಗಾಳಿ ತಿರುಗಿದ್ರೆ ಮೊದಲು ಸುಡ್ತಿದ್ದಿದ್ದು ನಿಮ್ಮ ಮನೆ."

ಮುದುಕ ಕಂಬಳಿಯನ್ನು ಮೇಲೆಳೆದುಕೊಂಡ. "ಅದು ನಿಜ," ಎಂದ. "ಆದ್ರೂ ನಾನು ಹೆಸರು ಹೇಳಲ್ಲ ಮಗಳೇ. ನಿನಗೆ ಗೊತ್ತಿರೋದನ್ನ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀಯ?"

ಎಸ್ಟೆಲಾ ಮತ್ತೆ ಗುಡ್ಡಕ್ಕೆ ಬಂದು ಹಳ್ಳದಲ್ಲಿ ಇಳಿದು ನಡೆದಳು. ಸ್ವಲ್ಪ ಹಿಂದೆ ಕ್ಲೀಟಸ್. ಹಳ್ಳ ಬೇಲಿ ದಾಟುವಲ್ಲಿ ತಂತಿಯ ಕೆಳಗೆ ತೂಗುಬಿಟ್ಟ ಹಲಗೆಗಳನ್ನು ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದರು. ಮರಳಿನಲ್ಲಿ ಸಣ್ಣ ನಾಲ್ಕು ಚಕ್ರದ ಗಾಡಿಯ ಗುರುತು. ಅವಳು ಫೋಟೋ ತೆಗೆದಳು, ಅಗಲ ಅಳೆದಳು. ಬೇಲಿಯ ಆಚೆ ಹಳ್ಳ ಒಂದು ಕೊಳಕ್ಕೆ ಹೋಗಿ ಸೇರುತ್ತಿತ್ತು.

ಕೊಳದ ದಂಡೆಯಲ್ಲಿ, ಕಂಬಕ್ಕೆ ಹೊಡೆದ ಬಾತುಗಳ ಗೂಡುಪೆಟ್ಟಿಗೆಗೆ ಏಣಿ ಹಾಕಿ, ಹೊಸ ಮರದ ಹೊಟ್ಟು ತುಂಬುತ್ತಿದ್ದವಳು ಆರ್ಲೀನ್ ವೋಗೆಸ್. ಅರವತ್ತೆಂಟು ದಾಟಿದವಳು. ಬೆಂಕಿ ಸಂಘ ಕಟ್ಟಿದವಳು. ಕ್ಲೀಟಸ್‌ಗೆ ಪಂಜು ಹಿಡಿಯಲು ಕಲಿಸಿದವಳು. ವರ್ಷಗಟ್ಟಲೆ ಹೊಗೆ ಕುಡಿದ ಅವಳ ದನಿ ಗೊಗ್ಗರಾಗಿತ್ತು.

"ಬಾಯಿ ಬಿಟ್ಕೊಂಡು ನಿಲ್ಬೇಡ ಕ್ಲೀಟಸ್, ಏಣಿ ಹಿಡ್ಕೊ."

ಅವನು ಹಿಡಿದುಕೊಂಡ. ಅವಳು ಪೆಟ್ಟಿಗೆಯ ಬಾಗಿಲು ಮುಚ್ಚಿ, ಅವಸರವಿಲ್ಲದೆ ಇಳಿದಳು.

"ಮಿಸ್ ಆರ್ಲೀನ್, ಶುಕ್ರವಾರ ಮಧ್ಯಾಹ್ನ ಎಲ್ಲಿದ್ರಿ?"

"ಎಲ್ಲಿದ್ದೆ ಅಂತ ನೋಡ್ಕೊಂಡೇ ಬಂದಿದ್ದೀಯಲ್ಲ. ಬೂಟೆಲ್ಲ ಮಸಿ."

"ನಿಮ್ಮ ಬಾಯಲ್ಲಿ ಬರ್ಬೇಕು. ವಕೀಲರನ್ನ ಕರೆಸ್ಕೊಳ್ಳೋ ಹಕ್ಕು ನಿಮಗಿದೆ. ಸುಮ್ಮನಿರಬಹುದು."

"ಸುಮ್ಮನಿರೋದು ನನಗೆ ಬರಲ್ಲ. ಸುಟ್ಟಿದ್ದು ಹೇಗಿತ್ತು?"

"ಪ್ರಶ್ನೆ ಕೇಳೋದು ನಾನು."

"ಕೇಳು."

"ಹಳ್ಳದ ಪಕ್ಕ ಹುಲ್ಲು ಬಿಟ್ಟಿದ್ದು ಯಾಕೆ?"

ಆರ್ಲೀನ್ ಕೈಗವಸು ಕಳಚಿ ಜೇಬಿಗಿಟ್ಟಳು. "ಮಳೆ ಬಂದಾಗ ಬೂದಿ, ಮಣ್ಣು ಎರಡೂ ಅಲ್ಲೇ ನಿಲ್ಲಲಿ ಅಂತ."

"ಯಾರ ಕೊಳಕ್ಕೆ ಬರದೇ ಇರಲಿ ಅಂತ?"

"ನಿನಗಿಲ್ಲಿ ಇನ್ನೊಂದು ಕೊಳ ಕಾಣುತ್ತಾ?"

ಕ್ಲೀಟಸ್ ಏಣಿಯನ್ನು ಇನ್ನೂ ಹಿಡಿದೇ ನಿಂತಿದ್ದ.

"ಯಾರ‍್ಯಾರು ಜೊತೆಗಿದ್ರು?"

"ನಾನೊಬ್ಬಳೇ."

"ಒಬ್ಬರೇ ಯಾವತ್ತೂ ಹಚ್ಚಬಾರದು ಅಂತ ಹೇಳಿಕೊಟ್ಟಿದ್ದು ನೀವು."

"ಇನ್ನೊಬ್ಬನ್ನ ಕರೆದಿದ್ರೆ ಅವನೂ ಅಪರಾಧಿ. ಗಾಳಿ ತಿರುಗಿದ್ರೆ ಬೂತ್ ಮನೆಗೂ ಬೆಂಕಿಗೂ ಮಧ್ಯೆ ನಾನೊಬ್ಬಳೇ ಇರ್ತಿದ್ದೆ. ಅದು ತಪ್ಪೇ. ತಪ್ಪು ಅಂತಲೇ ಬರಕೋ."

"ಫೋನ್ ಮಾಡದೆ ಇದ್ದಿದ್ರೆ ಇಷ್ಟು ಬೇಗ ಗೊತ್ತಾಗ್ತಿರ್ಲಿಲ್ಲ."

"ಮಾಡದೆ ಇದ್ದಿದ್ರೆ ಹೊಗೆ ನೋಡಿ ಆ ಹುಡುಗರು ಲಾರಿ ಹತ್ತಿ ಗುಡ್ಡದ ತಿರುವಲ್ಲಿ ಹಾರ‍್ಕೊಂಡು ಬರ್ತಿದ್ರು. ಒಬ್ಬನ ಕಾಲು ಮುರಿದ್ರೂ?" ಅವಳ ದನಿ ಮೊದಲ ಬಾರಿಗೆ ಗಡುಸಾಯಿತು. "ಹೇಳದೆ ಬೆಂಕಿ ಹಚ್ಚೋಳಲ್ಲ ನಾನು."

"ಹೇಳಬೇಕಾಗಿದ್ದಿದ್ದು ಡಿಲಾರ್ಡ್‌ಗೆ."

"ಸೀಡರ್ ಸುಡಿಸು ಅಂತ ಮೂರು ಚಳಿಗಾಲ ಹೇಳಿದೆ. ಮೊದಲನೇ ಸಲ ನೋಡೋಣ ಅಂದ. ಎರಡನೇ ಸಲ ವಕೀಲ ಮಾತಾಡಿದ. ಮೂರನೇ ಸಲ ಗೇಟಿಗೆ ಹೊಸ ಬೀಗ."

ಪಂಜನ್ನು ಅವಳೇ ತನ್ನ ಶೆಡ್ಡಿನಿಂದ ತಂದುಕೊಟ್ಟಳು: ಎಣ್ಣೆ ತೊಟ್ಟಿಕ್ಕುವ, ಹಿಡಿಕೆ ಸವೆದ ಹಳೆಯದು. ಜೊತೆಗೆ ಹಲುಬೆ, ಗಾಡಿ, ನೀರಿನ ಟ್ಯಾಂಕು. ಚಕ್ರದ ಅಗಲ ಮರಳಿನ ಗುರುತಿಗೆ ಸರಿಹೊಂದಿತು. ಎಲ್ಲವನ್ನೂ ವಶಕ್ಕೆ ತೆಗೆದುಕೊಂಡು ಚೀಟಿ ಅಂಟಿಸಲಾಯಿತು. ಹೇಳಿಕೆಯನ್ನು ಎಸ್ಟೆಲಾ, ಕ್ಲೀಟಸ್ ಹೋಗಿ ತಂದಿದ್ದ ಜೀಪಿನ ಮೂತಿಯ ಮೇಲೆ ಕಾಗದ ಇಟ್ಟುಕೊಂಡು ಬರೆದಳು. ಆರ್ಲೀನ್ ಕನ್ನಡಕ ಹಾಕಿಕೊಂಡು ಓದಿದಳು.

"ಸಂಘಕ್ಕೆ ಇದು ಗೊತ್ತಿರಲಿಲ್ಲ ಅಂತ ಬಿಟ್ಟುಹೋಗಿದೆ. ಸೇರಿಸು. ಕೆಲಸ ಮಾಡಿದ ದಿನ ನಾನು ಸಂಘದಲ್ಲೂ ಇರ್ಲಿಲ್ಲ. ಹಿಂದಿನ ದಿನ ರಾಜೀನಾಮೆ ಕೊಟ್ಟಿದ್ದೆ. ಕ್ಲೀಟಸ್‌ನ ಕೇಳು."

ಎಸ್ಟೆಲಾ ತಿರುಗಿ ನೋಡಿದಳು.

"ಮೊಣಕಾಲು ನೋವು ಅಂದಿದ್ರು," ಎಂದ ಕ್ಲೀಟಸ್, ನೆಲ ನೋಡುತ್ತ. "ನಂಬಿದ್ವಿ."

ಅವಳು ಸೇರಿಸಿದಳು. ಆರ್ಲೀನ್ ಸಹಿ ಹಾಕಿದಳು. ಎಸ್ಟೆಲಾ ಅಲ್ಲಿಂದಲೇ ಡಿಲಾರ್ಡ್‌ಗೆ ಫೋನ್ ಮಾಡಿದಳು. ಆರೋಪಿ ಒಬ್ಬರೇ, ಹೆಸರು ಇಂಥದು, ತಪ್ಪೊಪ್ಪಿಗೆ ಆಗಿದೆ.

"ಬೇಲಿ ಪಕ್ಕದ ಆ ಹೆಂಗಸಾ?" ಎಂದ ಡಿಲಾರ್ಡ್. "ಒಬ್ಬರೇ ಮಾಡಿದ್ರಾ ಅಷ್ಟನ್ನೂ?"

"ಒಬ್ಬರೇ."

"ದೂರು ವಾಪಸ್ ತಗೊಳ್ಳಲ್ಲ ನಾನು."

"ತಗೊಳ್ಳಿ ಅಂತ ನಾನೂ ಹೇಳ್ತಿಲ್ಲ. ಸಂಘದ ವಿಷಯ?"

"ಹೆಸರು ಸಿಕ್ಕಿತಲ್ಲ. ಮಾತು ಮಾತೇ. ಸಂಘದ ತಂಟೆಗೆ ಬರಲ್ಲ."

ಎಸ್ಟೆಲಾ ಫೋನನ್ನು ಜೇಬಿಗೆ ಹಾಕಿ ತಲೆ ಆಡಿಸಿದಳು. ಆರ್ಲೀನ್ ಉಸಿರು ಬಿಟ್ಟದ್ದು ಕೇಳಿಸಿತು. "ಸರಿ ಹಾಗಾದ್ರೆ," ಎಂದು ಎರಡೂ ಕೈ ಮುಂದೆ ಚಾಚಿದಳು. ಕ್ಲೀಟಸ್ ಬೇಡಿಯನ್ನು ಸೊಂಟದಿಂದ ತೆಗೆದ, ಹಾಗೇ ನಿಂತ.

"ಕಲಿಸಿದ್ದು ಮರೆತ್ಯೇನೋ? ಶುರು ಮಾಡಿದ ಕೆಲಸ ಅರ್ಧಕ್ಕೆ ಬಿಡಬಾರದು."

"ಬೇಡಿ ಬೇಡ," ಎಂದಳು ಎಸ್ಟೆಲಾ. ಬಂಧನದ ಸಮಯ ಸಂಜೆ ನಾಲ್ಕೂವರೆ ಎಂದು ದಾಖಲಾಯಿತು. ಇನ್ನು ಮುಂದೆ ಕೋರ್ಟು ಏನೇ ಹೇಳಲಿ, ಆರ್ಲೀನ್ ಈ ಕೌಂಟಿಯಲ್ಲಿ ಮತ್ತೆ ಪಂಜು ಮುಟ್ಟುವ ಹಾಗಿಲ್ಲವೆಂಬುದು ಮೂವರಿಗೂ ಗೊತ್ತಿತ್ತು.

ಜೀಪಿನ ಬಳಿ ಆರ್ಲೀನ್ ನಿಂತಳು. ಕೊಳದ ನಡುಮಧ್ಯೆ ಬೂದು ಬಣ್ಣದ ದೊಡ್ಡ ಬಕವೊಂದು ಇಳಿದಿತ್ತು.

"ಈ ಗುಂಡಿ ನಾನು ತೋಡಿದ್ದು. ಎರಡು ಬೇಸಿಗೆ, ಬಾಡಿಗೆ ಟ್ರ್ಯಾಕ್ಟರಲ್ಲಿ. ಆ ಹಕ್ಕಿ ನಿಂತಿದೆ ನೋಡು, ಅಲ್ಲಿ ನನ್ನ ಮನೆ ಸೂರು ಮುಳುಗೋಷ್ಟು ನೀರಿತ್ತು. ಆಗಸ್ಟಲ್ಲಿ ಸುತ್ತ ಎಲ್ಲೂ ಒಂದು ಹನಿ ಇಲ್ಲದಾಗ, ಜಿಂಕೆ, ಟರ್ಕಿ, ನರಿ, ಎಲ್ಲಾ ಇಲ್ಲಿಗೇ. ಸೀಡರ್ ಕೆಳಗೆ ಹುಲ್ಲು ಹುಟ್ಟಲ್ಲ. ಅವನ ಗುಡ್ಡದ ಬೋಳು ಮಣ್ಣು ಪ್ರತಿ ಮಳೆಗೂ ಇಳಿದು ಬಂದು ಇದರೊಳಗೆ ಕೂತಿತು. ನಾನು ನೋಡ್ತಾನೇ ಇದ್ದೆ."

ಬಕ ಒಂದು ಹೆಜ್ಜೆ ಎತ್ತಿತು. ನಿಂತು, ಇನ್ನೊಂದು ಎತ್ತಿತು. ನೀರು ಅದರ ಮೊಣಕಾಲಿಗೂ ಬರುತ್ತಿರಲಿಲ್ಲ. ಮೂವರೂ ನೋಡುತ್ತಿದ್ದ ಹಾಗೆ ಅದು ರೆಕ್ಕೆ ಬಿಚ್ಚದೆ, ಹೊಟ್ಟೆ ಒದ್ದೆ ಮಾಡಿಕೊಳ್ಳದೆ, ಕೊಳವನ್ನು ಪೂರ್ತಿ ನಡೆದೇ ದಾಟಿ ಆಚೆ ದಡ ಹತ್ತಿತು.

ಎಸ್ಟೆಲಾ ಆರ್ಲೀನ್‌ಗೆ ಜೀಪಿನ ಮುಂದಿನ ಬಾಗಿಲು ತೆಗೆದಳು.